ಗಾಳಿ ಕೊರೆಯುವ ಕಟ್ಟರ್

ಮಷೀನಿನ ಬಾಗಿಲಿನ ಗಾಜಿಗೆ ಮುಖ ಹತ್ತಿರ ತನ್ನಿ. ಕೂಲೆಂಟ್ ಒಣಗಿ ಗಾಜು ಮಬ್ಬಾಗಿದೆ, ಆದರೂ ಒಳಗಿನ ಬಿಳಿ ದೀಪದಲ್ಲಿ ಎಲ್ಲ ಕಾಣುತ್ತದೆ. ವೈಸ್‌ನಲ್ಲಿ ಒಂದು ಉಕ್ಕಿನ ಬ್ಲಾಕ್ ಕೂತಿದೆ. 250 ಮಿಲಿಮೀಟರ್ ಉದ್ದ, 180 ಅಗಲ, 61 ದಪ್ಪ. ಪ್ಲಾಸ್ಟಿಕ್ ಮೋಲ್ಡ್ ಮಾಡುವವರು ಪಿ-20 ಅನ್ನುವ ಉಕ್ಕು. ಅದರ ಮೇಲೆ 50 ಮಿಲಿಮೀಟರಿನ ಫೇಸ್ ಮಿಲ್ ಈ ತುದಿಯಿಂದ ಆ ತುದಿಗೆ ಹೋಗುತ್ತಿದೆ, ಪಕ್ಕಕ್ಕೆ ಸರಿಯುತ್ತಿದೆ, ಮತ್ತೆ ಈ ತುದಿಗೆ ಬರುತ್ತಿದೆ.

ಈಗ ಕಿವಿ ಕೊಡಿ. ಸ್ಪಿಂಡಲ್ ಗುಂಯ್ ಎನ್ನುತ್ತಿದೆ, ಗೋಡೆಯ ಆಚೆ ಯಾವುದೋ ಪ್ರೆಸ್ ಬಡಿಯುತ್ತಿದೆ. ಉಕ್ಕು ಕಡಿಯುವ ಸದ್ದು ಮಾತ್ರ ಇಲ್ಲ. ಚಿಪ್ಸ್ ಹಾರುತ್ತಿಲ್ಲ. ಕಂಟ್ರೋಲಿನ ಪರದೆಯಲ್ಲಿ ಸ್ಪಿಂಡಲ್ ಲೋಡ್ ನೋಡಿ: 3 ಪರ್ಸೆಂಟ್, 4 ಪರ್ಸೆಂಟ್, ಮತ್ತೆ 3. ಕಟ್ಟರ್ ಬ್ಲಾಕಿನಿಂದ ಒಂದು ಮಿಲಿಮೀಟರ್‌ನಷ್ಟು ಮೇಲೆ, ನಿಮಿಷಕ್ಕೆ 1000 ಮಿಲಿಮೀಟರ್ ಫೀಡಿನಲ್ಲಿ, ಬರೀ ಗಾಳಿಯನ್ನು ಸವರುತ್ತಿದೆ.

ಪಕ್ಕದಲ್ಲಿ ನಿಂತ ಆಪರೇಟರ್ ನಿಮ್ಮ ಮುಖ ನೋಡಿ, ನೀವು ಕೇಳುವ ಮೊದಲೇ ಹೇಳುತ್ತಾರೆ: "ಇನ್ನೊಂದು ರೌಂಡ್ ಇದೆ ಸಾರ್. ಆಮೇಲೆ ತಾಗತ್ತೆ."

ನೀವು ನಿಂತಿರುವುದು ಪೀಣ್ಯದ ಒಂದು ಅಡ್ಡರಸ್ತೆಯ ಶೆಡ್ಡಿನಲ್ಲಿ. ಎರಡು ವಿಎಂಸಿ, ಒಂದು ಟರ್ನಿಂಗ್ ಸೆಂಟರ್, ಮೂಲೆಯಲ್ಲಿ ಒಂದು ಸರ್ಫೇಸ್ ಗ್ರೈಂಡರ್. ಮೇಲೆ ಮೆಜನೈನ್ ಮೇಲೆ ಗಾಜಿನ ಕ್ಯಾಬಿನ್, ಅದರಲ್ಲಿ ಎಸಿ, ಎರಡು ಕಂಪ್ಯೂಟರ್. ಪ್ರೋಗ್ರಾಂ ಅಲ್ಲಿ ಹುಟ್ಟುತ್ತದೆ, ಇಲ್ಲಿ ಓಡುತ್ತದೆ. ಪೀಣ್ಯದಲ್ಲಿ ಇಂಥ ಶೆಡ್ಡುಗಳಿಗೆ ಲೆಕ್ಕವಿಲ್ಲ. ಗಂಟೆ ಲೆಕ್ಕದಲ್ಲಿ ಮಷೀನ್ ಓಡಿಸಿ, ಆ ಗಂಟೆಯಲ್ಲೇ ಕರೆಂಟು, ಟೂಲು, ಸಂಬಳ, ಬ್ಯಾಂಕಿನ ಕಂತು ಎಲ್ಲವನ್ನೂ ಎತ್ತಬೇಕಾದ ಜಾಗಗಳು. ಇಂಥಲ್ಲಿ ಕಟ್ಟರ್ ಗಾಳಿಯಲ್ಲಿ ಓಡಾಡುವ ಪ್ರತಿ ನಿಮಿಷವೂ ಯಾರದೋ ಜೇಬಿನಿಂದಲೇ ಹೋಗುವುದು.

ಫೇಸಿಂಗ್ ಗಾಳಿಯಲ್ಲಿ ನಡೆಯುತ್ತಿರುವುದೇಕೆ ಎಂಬುದು ಸುಲಭ. ಮೇಲಿನ ಕ್ಯಾಬಿನ್ನಿನಲ್ಲಿ ಪ್ರೋಗ್ರಾಂ ಬರೆದಾಗ ಕಚ್ಚಾ ಬ್ಲಾಕ್ 63 ಮಿಲಿಮೀಟರ್ ದಪ್ಪ ಎಂದು ಹಾಕಿದ್ದಾರೆ. ಗರಗಸದಲ್ಲಿ ಕತ್ತರಿಸಿದ ಬ್ಲಾಕ್ ಬಂದರೆ ಅಷ್ಟಿರುತ್ತದೆ. ಈ ಸಲ ಸಪ್ಲೈಯರ್ ಆರೂ ಮುಖ ಮಿಲ್ಲಿಂಗ್ ಮಾಡಿ, 61ಕ್ಕೆ ತಂದು ಕೊಟ್ಟಿದ್ದಾನೆ. ಒಂದೊಂದು ಮಿಲಿಮೀಟರಿನ ಮೂರು ಹಂತದಲ್ಲಿ ಮೊದಲ ಎರಡಕ್ಕೆ ಕೆಲಸವೇ ಇಲ್ಲ. ಹಂತಕ್ಕೆ ಒಂದೂವರೆ ನಿಮಿಷದಂತೆ ಮೂರು ನಿಮಿಷ. ಬ್ಲಾಕನ್ನು ವೈಸಿಗೆ ಇಡುವಾಗಲೇ ಆಪರೇಟರ್ ವರ್ನಿಯರ್ ಹಿಡಿದು ಅಳೆದಿದ್ದರು. 61 ಎಂಬುದು ಅವರಿಗೆ ಗೊತ್ತಿತ್ತು. ಮೇಲಿನ ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ಕೊನೆಯ ಹಂತ ತಾಗಿತು. ಸದ್ದು ಬದಲಾಯಿತು, ಲೋಡ್ ಮೂವತ್ತಕ್ಕೆ ಏರಿತು. ಒಂದೂವರೆ ನಿಮಿಷದಲ್ಲಿ ಮುಖ ಹೊಳೆಯಿತು. ಟೂಲ್ ಚೇಂಜರ್ ತೋಳು ಚಾಚಿ ಫೇಸ್ ಮಿಲ್ ತೆಗೆದು, 12 ಮಿಲಿಮೀಟರಿನ ನಾಲ್ಕು ಹಲ್ಲಿನ ಕಾರ್ಬೈಡ್ ಎಂಡ್ ಮಿಲ್ ಇಟ್ಟಿತು. ಅಸಲಿ ರಫಿಂಗ್ ಈಗ ಶುರು.

ಈ ಬ್ಲಾಕಿನಲ್ಲಿ ಒಂದು ಕ್ಯಾವಿಟಿ ತೆಗೆಯಬೇಕು. 150 ಉದ್ದ, 100 ಅಗಲ, 36 ಆಳ. ಒಳಗೆ ಮೂರು ಗುಬುಟುಗಳು ಉಳಿಯಬೇಕು, ತಳದ ಹತ್ತಿರ ಕೆಲವು ಸಣ್ಣ ಮೆಟ್ಟಿಲು. ಎರಡೇ ಹಂತದಲ್ಲಿ ಇಳಿಯುವ ಲೆಕ್ಕ: ಮೊದಲು 18, ಆಮೇಲೆ ಇನ್ನೊಂದು 18. ಪಕ್ಕದಿಂದ ಮಾತ್ರ ಒಂದೊಂದು ಸಲಕ್ಕೆ 1.2 ಮಿಲಿಮೀಟರ್. ಇದನ್ನು ಈಗ ಎಲ್ಲರೂ ಅಡಾಪ್ಟಿವ್ ಅನ್ನುತ್ತಾರೆ. ಹಿಂದೆ ಟೂಲಿನ ಅರ್ಧಕ್ಕಿಂತ ಹೆಚ್ಚು ಅಗಲವನ್ನು ಕಚ್ಚಿಸಿ, ಒಂದೋ ಎರಡೋ ಮಿಲಿಮೀಟರ್ ಆಳಕ್ಕೆ, ಪದರ ಪದರವಾಗಿ ತೆಗೆಯುತ್ತಿದ್ದರು. ಆ ಪದ್ಧತಿಯಲ್ಲಿ ಟೂಲ್ ಒಳಮೂಲೆಗೆ ಹೋದಾಗ ಸುತ್ತಳತೆಯ ಅರ್ಧದವರೆಗೆ ಉಕ್ಕಿನಲ್ಲಿ ಹೂತು, ಕಿರ್ರೆಂದು ಅರಚುತ್ತಿತ್ತು. ಅಡಾಪ್ಟಿವ್ ದಾರಿಯಲ್ಲಿ ಟೂಲ್ ವ್ಯಾಸದ ಹತ್ತನೇ ಒಂದು ಭಾಗವನ್ನಷ್ಟೇ ತಾಗಿಸುತ್ತದೆ, ಮೂಲೆಯಲ್ಲೂ ಅಷ್ಟೇ. ಒಂದು ಸುತ್ತಿನಲ್ಲಿ ಹಲ್ಲು ಉಕ್ಕಿನೊಳಗಿರುವುದು ಸುಮಾರು 37 ಡಿಗ್ರಿ, ಉಳಿದ ಹೊತ್ತು ಹೊರಗೆ ತಣ್ಣಗಾಗುತ್ತದೆ. ಚಿಪ್ ತೆಳ್ಳಗಾಗುವುದರಿಂದ ಫೀಡನ್ನು ಒಂದೂವರೆ ಪಟ್ಟಿಗಿಂತ ಹೆಚ್ಚಿಸಬಹುದು. ಇಲ್ಲಿ ಸ್ಪಿಂಡಲ್ 4000 ಆರ್‌ಪಿಎಂ, ಫೀಡ್ ನಿಮಿಷಕ್ಕೆ 2650.

ಕೇಳಿ, ಈಗ ಕಡಿಯುತ್ತಿದೆ. ಒಂದೇ ಮಟ್ಟದ ಸೊರ್ರ್ ಎಂಬ ಸದ್ದು. ಏರ್ ಬ್ಲೋ ಹೊಡೆತಕ್ಕೆ ಸೂಜಿಯಂಥ ಉದ್ದನೆಯ ಚಿಪ್ಸ್ ಗಾಜಿಗೆ ಬಂದು ಕಟಕಟ ಬಡಿಯುತ್ತಿವೆ. ಅವು ಕಂದು, ಕೆಲವು ಕಡುನೀಲಿ. ಬಿಸಿ ಚಿಪ್ಸಿನ ಜೊತೆ ಹೊರಟುಹೋಗುತ್ತಿದೆ, ಜಾಬ್ ಅಷ್ಟಾಗಿ ಬಿಸಿಯಾಗುತ್ತಿಲ್ಲ. ರಫಿಂಗ್ ಹೀಗೇ ಇರಬೇಕು.

ಸದ್ದು ನಿಂತಿತು.

ಟೂಲ್ ಮೇಲೆದ್ದು, ಅಷ್ಟೆತ್ತರಕ್ಕೆ ಹೋಗಿ, ಪಕ್ಕಕ್ಕೆ ಜಿಗಿದು, ಸರ್ರೆಂದು ಇಳಿದು, ಆಮೇಲೆ ನಿಧಾನವಾಗಿ, ತುಂಬ ನಿಧಾನವಾಗಿ ಕ್ಯಾವಿಟಿಯೊಳಗೆ ಮುಳುಗಿತು. ಮತ್ತೆ ಸೊರ್ರ್, ಎರಡು ಸೆಕೆಂಡ್. ಮತ್ತೆ ಮೇಲೆ.

ಒಂದು ನಿಮಿಷ ಕಣ್ಣು ಮುಚ್ಚಿ ಕೇಳುತ್ತಾ ನಿಂತರೆ ಸಾಕು. ಕಡಿಯುವ ಸದ್ದಿಗಿಂತ ಕಡಿಯದ ಹೊತ್ತೇ ಹೆಚ್ಚು. ಆಪರೇಟರ್‌ಗೆ ಇದು ಹೊಸದಲ್ಲ. "ದಿನಾ ಇದೇ ಸಾರ್. ಮೇಲೆ ಕೆಳಗೆ, ಮೇಲೆ ಕೆಳಗೆ. ಲೇಟಾಯ್ತು ಅಂತ ಓನರ್ ಬಂದು ಫೀಡ್ ಓವರ್‌ರೈಡ್ 120ಕ್ಕೆ ತಿರುಗಿಸಿ ಹೋಗ್ತಾರೆ. ಅವರು ಹೋದಮೇಲೆ ನಾನು ವಾಪಸ್ 100ಕ್ಕೆ ತರ್ತೀನಿ. ಇಲ್ಲಾಂದ್ರೆ ಟೂಲ್ ಉಳಿಯಲ್ಲ."

ಅವರು ಮಾಡುತ್ತಿರುವುದು ಸರಿ. ಓವರ್‌ರೈಡ್ ತಿರುಗಿಸಿದರೆ ಮೊದಲು ಏಟು ಬೀಳುವುದು ಚೆನ್ನಾಗಿ ನಡೆಯುತ್ತಿರುವ ಕಡಿತಕ್ಕೇ. ಹಲ್ಲಿಗೆ ಬರುವ ಚಿಪ್ ಐದನೇ ಒಂದು ಭಾಗ ದಪ್ಪವಾಗುತ್ತದೆ. ಹಾಳಾಗುತ್ತಿರುವ ಸಮಯ ಅಲ್ಲಿಲ್ಲ. ಅದು ಒಂದು ಕಡಿತ ಮುಗಿದು ಇನ್ನೊಂದು ಶುರುವಾಗುವ ನಡುವೆ ಇದೆ.

ಜಾಬ್ ಕಾರ್ಡಿನ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕೋಣ, ಪೆನ್ನು ಕೊಡಿ. ತೆಗೆಯಬೇಕಾದ ಉಕ್ಕು: 150, 100, 36 ಗುಣಿಸಿದರೆ 540 ಸಿಸಿ. ಗುಬುಟು, ಮೆಟ್ಟಿಲು ಕಳೆದರೆ ಸುಮಾರು 480. ಟೂಲ್ ತೆಗೆಯುವ ವೇಗ: ಪಕ್ಕಕ್ಕೆ 1.2, ಆಳಕ್ಕೆ 18, ಫೀಡ್ 2650. ಗುಣಿಸಿ ಸಾವಿರದಿಂದ ಭಾಗಿಸಿದರೆ ನಿಮಿಷಕ್ಕೆ 57 ಸಿಸಿ. 480ನ್ನು 57ರಿಂದ ಭಾಗಿಸಿ. ಎಂಟೂವರೆ ನಿಮಿಷಕ್ಕೂ ಕಡಿಮೆ! ಟೂಲ್ ಎಲ್ಲ ಹೊತ್ತೂ ಪೂರ್ತಿ 1.2 ಕಚ್ಚುವುದಿಲ್ಲ, ಮೂಲೆಗಳಲ್ಲಿ ನಿಧಾನವಾಗುತ್ತದೆ. ಉದಾರವಾಗಿ 12 ನಿಮಿಷ ಅನ್ನಿ. ಈ ಟೂಲಿಗೆ ಪ್ರೋಗ್ರಾಂ ತೆಗೆದುಕೊಳ್ಳುತ್ತಿರುವುದು 42.

ನನ್ನ ಮಟ್ಟಿಗೆ ರಫಿಂಗಿನಲ್ಲಿ ಇದಕ್ಕಿಂತ ಉಪಯುಕ್ತವಾದ ಲೆಕ್ಕ ಇನ್ನೊಂದಿಲ್ಲ. ತೆಗೆಯಬೇಕಾದ ಲೋಹವನ್ನು ತೆಗೆಯುವ ವೇಗದಿಂದ ಭಾಗಿಸಿ ಗಡಿಯಾರದ ಪಕ್ಕ ಇಡುವುದು. ಹಳೆಯ ಸೈಕಲ್ ಟೈಮಿಗೆ ಹೊಸ ಸೈಕಲ್ ಟೈಮ್ ಹೋಲಿಸಿಕೊಂಡು ಎರಡು ನಿಮಿಷ ಉಳಿಯಿತು ಎಂದು ಖುಷಿಪಟ್ಟರೆ, ಉಳಿದ 28 ನಿಮಿಷ ಕಣ್ಣಿಗೇ ಬೀಳುವುದಿಲ್ಲ.

ಆಪರೇಟರ್ ಆ ಕಾರ್ಡನ್ನು ನೋಡುತ್ತಾ ನಿಲ್ಲುತ್ತಾರೆ. ಅವರು ಕೆಲಸ ಕಲಿತದ್ದು ಎಚ್‌ಎಂಟಿಯ ಎಫ್‌ಎನ್2 ಮಿಲ್ಲಿಂಗ್ ಮಷೀನಿನ ಮೇಲೆ, ಕೈಯಲ್ಲಿ ಹ್ಯಾಂಡಲ್ ತಿರುಗಿಸಿ. ಎಚ್‌ಎಂಟಿ ಬೆಂಗಳೂರಿಗೆ ಬಂದದ್ದು 1953ರಲ್ಲಿ. ಅದರ ಹಿಂದಿನ ವರ್ಷವಷ್ಟೇ, 1952ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಎಂಐಟಿಯಲ್ಲಿ ತೂತು ಹೊಡೆದ ಕಾಗದದ ಟೇಪ್ ಓದಿ ತಾನೇ ನಡೆಯುವ ಮಿಲ್ಲಿಂಗ್ ಮಷೀನನ್ನು ಜನರಿಗೆ ತೋರಿಸಿದ್ದರು. ಅದು ಇಲ್ಲಿಯ ಶೆಡ್ಡುಗಳಿಗೆ ಇಳಿಯಲು ದಶಕಗಳೇ ಬೇಕಾದವು. ಕೈ ಮಷೀನಿನಲ್ಲಿ ಟೇಬಲ್ ಹೊತ್ತ 'ನೀ' ಎಂಬ ಭಾಗವನ್ನು ಏರಿಸಿ ಇಳಿಸುವುದು ಕ್ರ್ಯಾಂಕ್ ತಿರುಗಿಸಿ, ತೋಳಿನ ಬಲದಿಂದ. "ಸುಮ್ಸುಮ್ನೆ ಯಾರೂ ಏರಿಸ್ತಿರಲಿಲ್ಲ ಸಾರ್. ಭುಜ ಬಿದ್ದುಹೋಗೋದು." ಒಂದೊಂದು ಅನವಶ್ಯಕ ಚಲನೆಯೂ ಆಗ ಮೈಗೆ ಗೊತ್ತಾಗುತ್ತಿತ್ತು. ಈಗ ಮೋಟರ್ ಎತ್ತುತ್ತದೆ, ಯಾರಿಗೂ ನೋವಾಗುವುದಿಲ್ಲ. ಹಾಗಾಗಿ ಅದನ್ನು ಕಣ್ಣಿಂದ, ಕಿವಿಯಿಂದ, ಲೆಕ್ಕದಿಂದ ಹುಡುಕಬೇಕಾಗಿದೆ.

ಪ್ರೋಗ್ರಾಂ ಬರೆದವರನ್ನು ಕೆಳಗೆ ಕರೆಯೋಣ. ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮುಗಿಸಿ ಬಂದ ಹುಡುಗಿ. ಆಪರೇಟರ್ ವಯಸ್ಸಿನಲ್ಲಿ ಎಷ್ಟೋ ದೊಡ್ಡವರು, ಆದರೂ "ಮೇಡಂ" ಅನ್ನುತ್ತಾರೆ. ಆಕೆ ಅವರಿಗೆ "ಅಣ್ಣ" ಅನ್ನುತ್ತಾರೆ. ಇಬ್ಬರ ನಡುವೆ ಹದಿನಾಲ್ಕು ಮೆಟ್ಟಿಲು ಮಾತ್ರ. ಆದರೆ ಮಾತು ಸಾಮಾನ್ಯವಾಗಿ ಪೆನ್‌ಡ್ರೈವ್ ಮೂಲಕವೇ ನಡೆಯುವುದು.

ಮೂವರೂ ಪರದೆಯ ಮುಂದೆ ನಿಂತಿದ್ದೀರಿ. ಜ಼ೆಡ್ ಅಂಕಿ ನೋಡಿ, ಅದರ ಪಕ್ಕದ ಡಿಸ್ಟೆನ್ಸ್ ಟು ಗೋ ನೋಡಿ. ಟೂಲ್ ಎರಡನೇ ಹಂತದಲ್ಲಿದೆ, ಮೈನಸ್ 36ರಲ್ಲಿ. ಕಡಿತ ಮುಗಿಯಿತು. ಜ಼ೆಡ್ ಪ್ಲಸ್ 50. ಪಕ್ಕಕ್ಕೆ ಹೋಯಿತು. ಜ಼ೆಡ್ ಪ್ಲಸ್ 5, ರ್ಯಾಪಿಡ್‌ನಲ್ಲಿ. ಅಲ್ಲಿಂದ ಜಿ1, ಎಫ್500. 5, 4, 3... ಸೊನ್ನೆ ದಾಟಿತು, ಮೈನಸ್ 10, ಮೈನಸ್ 20. ಕ್ಯಾವಿಟಿ ಅಲ್ಲಿ ಆಗಲೇ ಖಾಲಿ. ಮೊದಲ ಹಂತದಲ್ಲಿ ತೆಗೆದಾಗಿದೆ, ಈ ಹಂತದಲ್ಲೂ ಆ ಜಾಗ ತೆಗೆದಾಗಿದೆ. ಆದರೂ ಟೂಲ್ ಗಟ್ಟಿ ಉಕ್ಕಿನೊಳಗೆ ಇಳಿಯುವ ಹಾಗೆ ನಿಮಿಷಕ್ಕೆ 500 ಮಿಲಿಮೀಟರ್ ಫೀಡಿನಲ್ಲಿ 41 ಮಿಲಿಮೀಟರ್ ಇಳಿಯುತ್ತಿದೆ.

"ಅಣ್ಣ, ಟೈಮ್ ನೋಡಿ."

"ಐದು ಸೆಕೆಂಡ್ ಮೇಡಂ. ಪ್ರತಿ ಸಲಾನೂ ಇಷ್ಟೇ."

ಮೇಲಕ್ಕೆ ಹಾರಿ ಬರುವುದು ಕಣ್ಣಿಗೆ ಎದ್ದು ಕಾಣುವ ಚಲನೆ. ನೋಡಿದವರೆಲ್ಲ ಬೈಯುವುದೂ ಅದನ್ನೇ. ಆದರೆ ಅದನ್ನು ಲೆಕ್ಕಕ್ಕೆ ತನ್ನಿ. ಈ ಮಷೀನಿನ ರ್ಯಾಪಿಡ್ ನಿಮಿಷಕ್ಕೆ 36 ಮೀಟರ್. ಸಣ್ಣ ದೂರಗಳಲ್ಲಿ ಆ ವೇಗ ಮುಟ್ಟುವುದಿಲ್ಲ, ವೇಗ ಹಿಡಿಯುವಷ್ಟರಲ್ಲಿ ನಿಲ್ಲಿಸಬೇಕಾಗುತ್ತದೆ. ಹಾಗಿದ್ದೂ ಮೇಲೆ 86, ಪಕ್ಕಕ್ಕೆ 60, ಕೆಳಗೆ 45 ಮಿಲಿಮೀಟರ್ ಎಲ್ಲ ಸೇರಿ ಒಂದು ಸೆಕೆಂಡಿಗೂ ಕಡಿಮೆ. ಕಣ್ಣಿಗೆ ಬೀಳದ ಆ ನಿಧಾನದ ಇಳಿತ ಮಾತ್ರ ಐದು ಸೆಕೆಂಡ್. ಕೆಳಗಿನ ಹಂತದಲ್ಲಿ ಇಂಥ ಇಳಿತ 150 ಇವೆ, ಅಂದರೆ 12 ನಿಮಿಷಕ್ಕೂ ಹೆಚ್ಚು. ಮೇಲಿನ ಹಂತದಲ್ಲಿ 23 ಮಿಲಿಮೀಟರಿನ ಇಳಿತ 90, ಅಲ್ಲಿ 4 ನಿಮಿಷ. ಉಕ್ಕು ತೆಗೆಯಲು ಬೇಕಾದಷ್ಟೇ ಸಮಯವನ್ನು, ಇನ್ನೂ ಸ್ವಲ್ಪ ಹೆಚ್ಚನ್ನೇ, ಖಾಲಿ ಗುಂಡಿಯೊಳಗೆ ಹುಷಾರಾಗಿ ಇಳಿಯುವುದಕ್ಕೆ ಕೊಟ್ಟಿದ್ದಾರೆ.

ಆಕೆ ಲ್ಯಾಪ್‌ಟಾಪ್ ತರಿಸಿ ಟೂಲ್ ಟ್ರಾಲಿಯ ಮೇಲೆ ಇಡುತ್ತಾರೆ. ತಪ್ಪು ಒಂದೇ ಸೆಟ್ಟಿಂಗಿನಲ್ಲಿದೆ. ಫೀಡ್ ಶುರುವಾಗುವ ಎತ್ತರವನ್ನು ಬ್ಲಾಕಿನ ಮೇಲ್ಮುಖದಿಂದ 5 ಎಂದು, ಅಬ್ಸಲ್ಯೂಟ್ ಆಗಿ ಕೊಟ್ಟಿದೆ. ಅದನ್ನು ಇಂಕ್ರಿಮೆಂಟಲ್ ಮಾಡಿ, ಆಯಾ ಹಂತದ ತಳದಿಂದ ಇಷ್ಟು ಎಂದು ಕೊಟ್ಟರೆ ಟೂಲ್ ಖಾಲಿ ಜಾಗವನ್ನು ರ್ಯಾಪಿಡ್‌ನಲ್ಲೇ ದಾಟುತ್ತದೆ.

"1 ಕೊಡ್ಲಾ ಅಣ್ಣ?"

"ಬೇಡ ಮೇಡಂ. ತಳದಲ್ಲಿ ಚಿಪ್ಸ್ ಕೂತಿರತ್ತೆ. ಏರ್ ಹೊಡೆದ್ರೂ ಮೂಲೇಲಿ ಗುಡ್ಡೆ ಬೀಳತ್ತೆ. ಅದರ ಮೇಲೆ ರ್ಯಾಪಿಡ್‌ನಲ್ಲಿ ಇಳಿದ್ರೆ ಹಲ್ಲಿನ ತುದಿ ಹಾರಿಹೋಗತ್ತೆ. 3 ಕೊಡಿ."

3 ಮಿಲಿಮೀಟರಿಗೆ ಎಫ್500ರಲ್ಲಿ ಅರ್ಧ ಸೆಕೆಂಡೂ ಬೇಡ. 1ಕ್ಕೂ 3ಕ್ಕೂ ಇರುವ ವ್ಯತ್ಯಾಸ ಕಾಲು ಸೆಕೆಂಡ್, ಮುರಿದ ಟೂಲ್ ಸಾವಿರಾರು ರೂಪಾಯಿ. ಕ್ಯಾಬಿನ್ನಿನಲ್ಲಿ ಸಿಮ್ಯುಲೇಶನ್ ನೋಡಿದರೆ ಈ ಗುಡ್ಡೆ ಕಾಣುವುದಿಲ್ಲ, ಅಲ್ಲಿ ಕಡಿದ ಲೋಹ ಮಾಯವಾಗಿಬಿಡುತ್ತದೆ. ಇಲ್ಲಿ ಅದು ಸೂಜಿಗಳಾಗಿ ಬಿದ್ದಿರುತ್ತದೆ.

ಇನ್ನು ಆ ಪ್ಲಸ್ 50. ಇಷ್ಟೆತ್ತರ ಏಕೆ ಎಂದು ಕೇಳಿದರೆ ಆಕೆ ಒಂದು ಕ್ಷಣ ಯೋಚಿಸುತ್ತಾರೆ. ಹಿಂದೆ ಯಾವಾಗಲೋ ಒಂದು ಪ್ಲೇಟನ್ನು ಮೇಲಿಂದ ಪಟ್ಟಿ ಕ್ಲ್ಯಾಂಪ್ ಹಾಕಿ ಹಿಡಿದಿದ್ದರು. ಸ್ಟಡ್ಡುಗಳು ಎತ್ತರವಾಗಿದ್ದವು. ಆ ಜಾಬಿಗೆ 50 ಸರಿ. ಆ ಪ್ರೋಗ್ರಾಮನ್ನೇ ಟೆಂಪ್ಲೇಟ್ ಮಾಡಿಕೊಂಡು ಅಲ್ಲಿಂದ ಮುಂದಿನ ಎಲ್ಲ ಜಾಬುಗಳನ್ನೂ ಬರೆದಿದ್ದಾರೆ.

"ಈಗ ಮೇಲೆ ಏನಿದೆ ಅಣ್ಣ?"

"ಏನೂ ಇಲ್ಲ. ವೈಸ್‌ನಲ್ಲಿ ಹಿಡಿದಿದೀನಿ, ದವಡೆ ಜಾಬಿಗಿಂತ ಕೆಳಗೇ ಇದೆ."

ಕ್ಲ್ಯಾಂಪ್ ಇಲ್ಲ, ಕ್ಲ್ಯಾಂಪಿನ ಭಯ ಮಾತ್ರ ಉಳಿದಿದೆ. ರಫಿಂಗ್ ಪ್ರೋಗ್ರಾಮಿನಲ್ಲಿರುವ ವ್ಯರ್ಥ ಚಲನೆಗಳನ್ನು ಒಂದೊಂದಾಗಿ ಹಿಡಿದು ವಿಚಾರಿಸಿದರೆ ಬಹುಪಾಲು ಹೀಗೇ ಸಿಗುತ್ತವೆ. ಯಾರೋ ಯಾವಾಗಲೋ ಸರಿಯಾದ ಕಾರಣಕ್ಕೆ ಹಾಕಿದ ಅಂಕಿ. ಕಾರಣ ಹೋಗಿದೆ, ಅಂಕಿ ಉಳಿದಿದೆ. ಸೋಮಾರಿತನದಿಂದ ಬಂದದ್ದು ಕಡಿಮೆ. ಹಾಗಾಗಿ ಇದನ್ನು ಸರಿಮಾಡಲು ಯಾರನ್ನೂ ಗದರಬೇಕಾಗಿಲ್ಲ, ಕೇಳಬೇಕು ಅಷ್ಟೆ.

ಹಾಗಂತ 50 ಇದ್ದದ್ದನ್ನು 5 ಮಾಡಿದರೆ ಮುಗಿಯಲಿಲ್ಲ. ಟೂಲ್ ಮೇಲೆ ಬರಲೇಬೇಕೇ ಎಂಬುದು ಅದಕ್ಕಿಂತ ಒಳ್ಳೆಯ ಪ್ರಶ್ನೆ. ಕ್ಯಾವಿಟಿಯೊಳಗೆ ಈ ಗುಬುಟಿನ ಪಕ್ಕ ಕಡಿದು ಆ ಗುಬುಟಿನ ಪಕ್ಕಕ್ಕೆ ಹೋಗಬೇಕಾದರೆ, ನಡುವೆ ಖಾಲಿ ದಾರಿಯಿದ್ದರೆ, ತಳದಲ್ಲೇ ಸುತ್ತಿಬಳಸಿ ಹೋಗಬಹುದು. ಸಾಫ್ಟ್‌ವೇರಿನಲ್ಲಿ ಇದಕ್ಕೆ ಸ್ಟೇ ಡೌನ್ ಅಂತ ಇರುತ್ತದೆ. ಎಷ್ಟು ದೂರದವರೆಗೆ ಕೆಳಗೇ ಇರಬೇಕು, ಯಾವಾಗ ಎದ್ದು ಹೋಗಬೇಕು ಎಂದು ಹೇಳಬಹುದು. ಸುಮ್ಮನೆ ಬಿಟ್ಟರೆ ಅದು ಅಂಜಿಕೊಂಡು ಸ್ವಲ್ಪ ದೂರಕ್ಕೂ ಏಳುತ್ತದೆ. ಆಕೆ ಆ ದೂರವನ್ನು 150ಕ್ಕೆ ಏರಿಸುತ್ತಾರೆ. ಹೋಗುವಾಗ ತಳದಿಂದ 0.3 ಮಿಲಿಮೀಟರ್ ಮಾತ್ರ ಎತ್ತು ಎಂದು ಕೊಡುತ್ತಾರೆ. ಅಷ್ಟೂ ಎತ್ತದಿದ್ದರೆ ಟೂಲಿನ ತಳ ಉಕ್ಕಿಗೆ ಉಜ್ಜಿಕೊಂಡೇ ಹೋಗುತ್ತದೆ. ಕಡಿಯದೆ ಉಜ್ಜುವುದರಿಂದ ಅಂಚಿಗೆ ಬಿಸಿ ತಾಗುತ್ತದೆ, ಆಯುಸ್ಸು ಕಡಿಮೆಯಾಗುತ್ತದೆ.

ಆಪರೇಟರ್‌ಗೆ ಹೊಳೆಯಿತು. "ಡ್ರಿಲ್ಲಿಂಗಲ್ಲಿ ಜಿ98 ಬಿಟ್ಟು ಜಿ99 ಹಾಕೋ ಥರ ಅಲ್ವಾ ಮೇಡಂ?" ಹೌದು, ಅದೇ. ಜಿ98 ಹಾಕಿದರೆ ಪ್ರತಿ ತೂತು ಕೊರೆದ ಮೇಲೂ ಡ್ರಿಲ್ ಮೊದಲಿದ್ದ ಎತ್ತರಕ್ಕೆ ವಾಪಸ್ ಹೋಗುತ್ತದೆ. ಜಿ99 ಹಾಕಿದರೆ ಆರ್ ಮಟ್ಟದಲ್ಲೇ ಮುಂದಿನ ತೂತಿಗೆ ಸರಿಯುತ್ತದೆ. ನಡುವೆ ಕ್ಲ್ಯಾಂಪ್ ಇದ್ದ ಕಡೆ ಮಾತ್ರ 98. ಆಪರೇಟರ್‌ಗಳು ಇದನ್ನು ಮಷೀನಿನ ಮುಂದೆ ನಿಂತು ಕೈಯಾರೆ ಎಡಿಟ್ ಮಾಡುತ್ತಾರೆ. ಮಿಲ್ಲಿಂಗಿನ ದಾರಿ ಸಾವಿರಾರು ಸಾಲಿನದು, ಅದನ್ನು ಕೈಯಲ್ಲಿ ಮುಟ್ಟಲಾಗುವುದಿಲ್ಲ ಎಂದು ಬಿಟ್ಟುಬಿಟ್ಟಿದ್ದರು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ತಳದಲ್ಲಿ ಅಡ್ಡಾಡುವಾಗ ಅದನ್ನು ಜಿ0ನಲ್ಲಿ, ಅಂದರೆ ರ್ಯಾಪಿಡ್‌ನಲ್ಲಿ, ಬಿಡಬಾರದು. ಅನೇಕ ಕಂಟ್ರೋಲುಗಳಲ್ಲಿ ಜಿ0 ನೇರ ಗೆರೆಯಲ್ಲಿ ಹೋಗುವುದಿಲ್ಲ. ಎಕ್ಸ್, ವೈ ಎರಡೂ ತಮ್ಮ ತಮ್ಮ ಪೂರ್ತಿ ವೇಗದಲ್ಲಿ ಹೊರಟು, ಹತ್ತಿರ ಇರುವುದು ಮೊದಲು ತಲುಪಿ ನಿಲ್ಲುತ್ತದೆ, ಇನ್ನೊಂದು ಮುಂದುವರಿಯುತ್ತದೆ. ದಾರಿ ಮೊಣಕೈಯಂತೆ ಮುರಿದುಕೊಳ್ಳುತ್ತದೆ. ಆ ಮುರಿದ ದಾರಿಯಲ್ಲಿ ಗುಬುಟು ಇದ್ದರೆ ಟೂಲೂ ಹೋಯಿತು, ಜಾಬೂ ಹೋಯಿತು. ಫ್ಯಾನಕ್ ಕಂಟ್ರೋಲಿನಲ್ಲಿ ಪ್ಯಾರಾಮೀಟರ್ 1401ರ ಒಂದು ಬಿಟ್ ಇದನ್ನು ನೇರ ಮಾಡುತ್ತದೆ. ಯಾವ ಮಷೀನಿನಲ್ಲಿ ಅದು ಹೇಗಿದೆ ಎಂದು ನೋಡದೆ ನಂಬುವುದಕ್ಕಿಂತ, ಈ ಚಲನೆಗಳನ್ನು ದೊಡ್ಡ ಫೀಡಿನ ಜಿ1 ಆಗಿ ಬರೆಸುವುದು ಕ್ಷೇಮ. ಆಕೆ ನಿಮಿಷಕ್ಕೆ 8000 ಕೊಡುತ್ತಾರೆ.

ಅದೇ 8000 ಇನ್ನೊಂದು ಕಡೆಯೂ ಬೇಕು. ಉದ್ದನೆಯ ಗೋಡೆಯ ಪಕ್ಕ ಟೂಲ್ ಕಡಿಯುತ್ತಿರುವಾಗ ನೋಡಿ. 120 ಮಿಲಿಮೀಟರ್ ಕಡಿದುಕೊಂಡು ಹೋಗುತ್ತದೆ, ಮತ್ತೆ ಖಾಲಿಯಾಗಿ 120 ಮಿಲಿಮೀಟರ್ ಹಿಂದಕ್ಕೆ ಬಂದು, ಮುಂದಿನ 1.2ನ್ನು ಹಿಡಿಯುತ್ತದೆ. ಕ್ಲೈಂಬ್ ಮಿಲ್ಲಿಂಗ್ ಒಂದೇ ದಿಕ್ಕಿನದು, ಹಾಗಾಗಿ ವಾಪಸ್ ಬರಲೇಬೇಕು. ಹೋಗುವಾಗಲೂ ಬರುವಾಗಲೂ ಕಡಿದರೆ ಆಗದೇ ಎಂದರೆ ಆಕೆ ಒಪ್ಪುವುದಿಲ್ಲ. ಉಲ್ಟಾ ದಿಕ್ಕಿನಲ್ಲಿ ಹಲ್ಲು ಸೊನ್ನೆ ದಪ್ಪದಿಂದ, ಉಜ್ಜಿಕೊಂಡೇ ಒಳಹೋಗುತ್ತದೆ, ಈ ಉಕ್ಕಿನಲ್ಲಿ ಅದು ಬೇಡ ಎನ್ನುತ್ತಾರೆ. ಸರಿ, ಬರಲಿ. ಆದರೆ ಕಡಿಯುವ ಫೀಡಿನಲ್ಲೇ ಏಕೆ ಬರಬೇಕು? 2650ರಲ್ಲಿ ಆ ವಾಪಸಿಗೆ 2.7 ಸೆಕೆಂಡ್, 8000ದಲ್ಲಿ ಒಂದು ಸೆಕೆಂಡೂ ಇಲ್ಲ. ಇಂಥ ವಾಪಸು ಇನ್ನೂರು ಇದ್ದರೆ ಆರು ನಿಮಿಷ ಉಳಿಯುತ್ತದೆ. ಕಡಿಯದಿರುವಾಗಿನ ಫೀಡ್ ಎಂಬ ಸೆಟ್ಟಿಂಗ್ ಕಡಿಯುವ ಫೀಡಿನ ಕೆಳಗೇ ಇದೆ. ಎರಡರಲ್ಲೂ ಒಂದೇ ಅಂಕಿ ಕೂತಿತ್ತು.

ಹೆಲಿಕ್ಸ್ ಇಳಿತವನ್ನೂ ನೋಡಿಬಿಡಿ. ಗಟ್ಟಿ ಉಕ್ಕಿನೊಳಗೆ ಮೊದಲ ಸಲ ಇಳಿಯಲು ಟೂಲ್ 10 ಮಿಲಿಮೀಟರಿನ ವೃತ್ತದಲ್ಲಿ ಎರಡು ಡಿಗ್ರಿ ಇಳಿಜಾರಿನಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಒಂದು ಮಿಲಿಮೀಟರ್ ಚಿಲ್ಲರೆ. 18 ಮಿಲಿಮೀಟರಿಗೆ ಹದಿನಾರು ಸುತ್ತು, 800ರ ಫೀಡಿನಲ್ಲಿ 39 ಸೆಕೆಂಡ್, ಎರಡು ಹಂತಕ್ಕೆ ಎರಡು ಸಲ. ಈ ಕ್ಯಾವಿಟಿಯ ನಡುವೆ ಹೇಗೂ ಒಂದು ತೂತು ಬೇಕು. ಅದನ್ನು ಕೊನೆಯಲ್ಲಿ ಕೊರೆಯುವ ಬದಲು ಮೊದಲೇ 14ರ ಡ್ರಿಲ್ಲಿನಲ್ಲಿ ಕೊರೆದಿಟ್ಟರೆ 12ರ ಟೂಲ್ ಆ ತೂತಿನೊಳಗೆ ನೇರ ಇಳಿಯುತ್ತದೆ. ಹೊಸ ಕೆಲಸ ಏನೂ ಸೇರಿಸಿಲ್ಲ, ಇದ್ದ ಕೆಲಸದ ಸರದಿ ಬದಲಾಯಿತು. ಉಳಿದದ್ದು ಒಂದು ನಿಮಿಷ ಚಿಲ್ಲರೆ. ಟೂಲಿಗೆ ಉಳಿದದ್ದು ಅದಕ್ಕಿಂತ ದೊಡ್ಡದು.

ಮೂಲೆಗಳಲ್ಲಿ ಪರದೆಯ ನಿಜವಾದ ಫೀಡ್ 2650ರಿಂದ 1300ಕ್ಕೆ ಕುಸಿಯುತ್ತಿತ್ತು. ದಾರಿಯನ್ನು ಕೂದಲೆಳೆಯಷ್ಟು ಸಣ್ಣ ನೇರ ತುಂಡುಗಳಾಗಿ ಬರೆದಿದ್ದರಿಂದ ಕಂಟ್ರೋಲ್ ಪ್ರತಿ ತುಂಡಿನ ಕೊನೆಯಲ್ಲೂ ಹಿಂಜರಿಯುತ್ತಿತ್ತು. ಗೋಡೆಗೆ 0.3 ಮಿಲಿಮೀಟರ್ ಬಿಟ್ಟು ಮಾಡುವ ರಫಿಂಗಿಗೆ 0.01ರ ಟಾಲರೆನ್ಸ್ ಬೇಕಾಗಿಯೇ ಇಲ್ಲ. 0.05 ಕೊಟ್ಟು, ತುಂಡುಗಳನ್ನು ಆರ್ಕ್ ಆಗಿ ಜೋಡಿಸಲು ಹೇಳಿ, ಪ್ರೋಗ್ರಾಮಿನ ತಲೆಯಲ್ಲಿ ಬಿಟ್ಟುಹೋಗಿದ್ದ ಜಿ05.1 ಕ್ಯೂ1 ಸೇರಿಸಿದರು. ಮುಂದೆ ಬರುವ ಸಾಲುಗಳನ್ನು ಓದಿಕೊಂಡು ವೇಗ ಹೊಂದಿಸುವ ಸೌಲಭ್ಯ ಮಷೀನಿನಲ್ಲಿ ಮೊದಲಿನಿಂದಲೂ ಇತ್ತು. ಪ್ರೋಗ್ರಾಂ ಅದನ್ನು ಎಬ್ಬಿಸುತ್ತಿರಲಿಲ್ಲ.

ಈ ಮೋಲ್ಡಿಗೆ ಇಂಥ ಇನ್ಸರ್ಟು ನಾಲ್ಕು. ಮೊದಲನೆಯದು ಹಳೆಯ ಪ್ರೋಗ್ರಾಮಿನಲ್ಲೇ ಮುಗಿಯಿತು. ಎರಡನೇ ಬ್ಲಾಕ್ ವೈಸಿಗೆ ಏರಿದೆ. ಸ್ಟಾಕ್ 61 ಎಂದು ಹಾಕಿದ್ದಾರೆ, ಫೇಸಿಂಗ್ ಒಂದೇ ರೌಂಡ್. ಆಪರೇಟರ್ ರ್ಯಾಪಿಡನ್ನು 25 ಪರ್ಸೆಂಟಿಗೆ ಇಳಿಸಿ, ಸಿಂಗಲ್ ಬ್ಲಾಕ್ ಹಾಕಿ, ಮೊದಲ ಕೆಲವು ಇಳಿತಗಳನ್ನು ಬೆರಳು ಫೀಡ್ ಹೋಲ್ಡ್ ಮೇಲಿಟ್ಟುಕೊಂಡೇ ಬಿಡುತ್ತಾರೆ. ಹೊಸ ದಾರಿಯನ್ನು ಹೀಗೇ ಪರೀಕ್ಷೆ ಮಾಡಬೇಕು. ಎರಡನೇ ಹಂತದ ಮೊದಲ ರ್ಯಾಪಿಡ್ ಇಳಿತ ಬಂದಾಗ ಮೂವರ ಉಸಿರೂ ನಿಲ್ಲುತ್ತದೆ. ಟೂಲ್ ಮೈನಸ್ 33ರಲ್ಲಿ ನಿಂತು, ಮೂರು ಮಿಲಿಮೀಟರ್ ಇಳಿದು, ಉಕ್ಕು ಹಿಡಿಯುತ್ತದೆ. ಸರಿಯಾಗಿದೆ. ರ್ಯಾಪಿಡ್ 100.

ಈಗ ಕೇಳಿ. ಸೊರ್ರ್ ಎಂಬ ಸದ್ದು ಹೆಚ್ಚು ಕಡಿಮೆ ಎಡೆಬಿಡದೆ ಬರುತ್ತಿದೆ. ನಡುವೆ ಚಿಕ್ಕ ಚಿಕ್ಕ ಬಿಡುವು, ಕಣ್ಣು ಮಿಟುಕಿಸುವಷ್ಟು. ಚಿಪ್ಸ್ ಕನ್ವೇಯರ್ ಮೊದಲ ಸಲ ಬಿಡುವಿಲ್ಲದೆ ನೀಲಿ ಸೂಜಿಗಳನ್ನು ಹೊರಗೆ ಸುರಿಯುತ್ತಿದೆ. 18 ನಿಮಿಷ ಚಿಲ್ಲರೆಗೆ ಟೂಲ್ ಮೇಲೆದ್ದಿತು. ಫೀಡ್ ಓವರ್‌ರೈಡ್ 100ರಲ್ಲೇ ಇದೆ, ಸ್ಪಿಂಡಲ್ ಆರ್‌ಪಿಎಂ ಬದಲಾಗಿಲ್ಲ, ಕಡಿತದ ಒಂದು ಅಂಕಿಯನ್ನೂ ಮುಟ್ಟಿಲ್ಲ. ಆಪರೇಟರ್ ಟೂಲನ್ನು ಬೆಳಕಿಗೆ ಹಿಡಿದು ನಾಲ್ಕೂ ಹಲ್ಲು ತಿರುಗಿಸಿ ನೋಡುತ್ತಾರೆ. ಮೂಲೆಗಳು ಚೂಪಾಗಿಯೇ ಇವೆ. ಹಲ್ಲಿಗೆ ಹೊಡೆತ ಬೀಳುವುದು ಪ್ರತಿ ಸಲ ಹೊಸದಾಗಿ ಉಕ್ಕಿಗೆ ಹೋಗುವಾಗ. ಹೋಗಿಬರುವುದು ಕಡಿಮೆಯಾದಷ್ಟೂ ಅದಕ್ಕೂ ಒಳ್ಳೆಯದು.

ಮುಂದಿನದು 6 ಮಿಲಿಮೀಟರಿನ ಟೂಲ್, 12ರದ್ದು ಹೋಗಲಾಗದ ಮೂಲೆಗಳಿಗೆ. ಇಲ್ಲಿ ಇನ್ನೊಂದು ತೊಂದರೆ ಶುರು. ಹಿಂದಿನ ಟೂಲ್ ಎಲ್ಲಿ ಏನು ಉಳಿಸಿದೆ ಎಂಬ ಲೆಕ್ಕವನ್ನು ಸಾಫ್ಟ್‌ವೇರಿಗೆ ಕೊಟ್ಟಿದ್ದಾರೆ, ಅದು ಸರಿ. ಕೊಡದಿದ್ದರೆ ಇಡೀ ಕ್ಯಾವಿಟಿಯನ್ನು ಮತ್ತೆ ಮೊದಲಿನಿಂದ ಗಾಳಿಯಲ್ಲಿ ಕಡಿಯುತ್ತಿತ್ತು. ಆದರೆ ಅದು ಮೂಲೆಗಳ ಜೊತೆಗೆ, ಗೋಡೆಯುದ್ದಕ್ಕೂ ಅಲ್ಲಲ್ಲಿ ಉಳಿದ ಕಾಗದದಷ್ಟು ತೆಳುವಾದ ಏಣುಗಳನ್ನೂ ಹುಡುಕಿಕೊಂಡು ಹೋಗುತ್ತಿದೆ. ಇಲ್ಲಿ ಒಂದು ಚೂರು, ಎದ್ದು ಅಲ್ಲಿ ಒಂದು ಚೂರು. 0.2 ಮಿಲಿಮೀಟರಿಗಿಂತ ಚಿಕ್ಕ ಉಳಿಕೆಯನ್ನು ಬಿಟ್ಟುಬಿಡು ಎಂದು ಹೇಳಿದರೆ ಇವೆಲ್ಲ ಮಾಯ. ಸೆಮಿ ಫಿನಿಶಿಂಗ್ ಟೂಲ್ ಆ ದಾರಿಯಲ್ಲಿ ಹೇಗೂ ಬರುತ್ತದೆ, ಅದಕ್ಕೆ ಅಷ್ಟು ಹೆಚ್ಚಲ್ಲ. ಆಕೆ ಟ್ರಾಲಿಯ ಮೇಲೆಯೇ ಅದನ್ನು ಬದಲಿಸುತ್ತಾರೆ. ಮತ್ತೆ ಮೇಲೆ ಹೋಗಿ ಬರುವಷ್ಟು ವ್ಯವಧಾನ ಈಗ ಯಾರಿಗೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಸೆಟಪ್ ಶೀಟಿನಲ್ಲಿ ಎರಡು ಹೊಸ ಕಲಂ ಬಂದಿವೆ: ಬ್ಲಾಕಿನ ಅಳೆದ ದಪ್ಪ, ಮತ್ತು ಜಾಬಿನ ಮೇಲ್ಮುಖಕ್ಕಿಂತ ಎತ್ತರವಾಗಿ ಏನು, ಎಷ್ಟು. ಎರಡನ್ನೂ ತುಂಬುವವರು ಆಪರೇಟರ್. ಅದು ತುಂಬಿ ಬಂದ ಮೇಲೆ ಪ್ರೋಗ್ರಾಮಿಗೆ ಅಂಕಿ.

ಪಕ್ಕದ ವಿಎಂಸಿಯಲ್ಲಿ ಬೇರೆ ಜಾಬ್ ಏರುತ್ತಿದೆ, 400ರ ಬೇಸ್ ಪ್ಲೇಟ್. ವೈಸಿಗೆ ಹಿಡಿಸುವುದಿಲ್ಲ, ಪಟ್ಟಿ ಕ್ಲ್ಯಾಂಪೇ ಗತಿ. ಆಪರೇಟರ್ ನಟ್ಟು ಬಿಗಿದು, ವರ್ನಿಯರಿನ ಬಾಲ ಇಳಿಸಿ ಅಳೆಯುತ್ತಾರೆ.

"34 ಮೇಡಂ. ಹಿಂದಿನ ಸ್ಟಡ್ ಸ್ವಲ್ಪ ಉದ್ದ ಇದೆ, 36 ಅಂತ ಬರ್ಕೊಳ್ಳಿ."

"ಪಾಕೆಟ್ ಒಳಗೆ?"

"ಪಾಕೆಟ್ ಒಳಗೆ ಏನೂ ಇಲ್ಲ. ಅಲ್ಲಿ ಕೆಳಗೇ ಓಡ್ಸಿ. ಒಂದು ಪಾಕೆಟ್ಟಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ಎತ್ತಿ."

ಆಕೆ ಪಾಕೆಟ್ಟಿನಿಂದ ಪಾಕೆಟ್ಟಿಗೆ ಹೋಗುವ ಎತ್ತರಕ್ಕೆ 40 ಎಂದು ಹಾಕಿ, ಒಂದು ಪಾಕೆಟನ್ನು ತಳದವರೆಗೆ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗುವಂತೆ ಸರದಿ ಬದಲಿಸುತ್ತಾರೆ. ನಡುವಿನ ಎರಡು ಪಾಕೆಟುಗಳ ಗೋಡೆ ತೆಳುವಾಗಿದೆ, ಒಂದು ಕಡೆ ಪೂರ್ತಿ ತೆಗೆದರೆ ಬಾಗುತ್ತದೆ. ಅವೆರಡನ್ನು ಮಾತ್ರ ಹಂತ ಹಂತವಾಗಿ, ಅಲ್ಲಿಂದಿಲ್ಲಿಗೆ ಹಾರುತ್ತಲೇ ಮಾಡಬೇಕು. ಆ ಹಾರಾಟಕ್ಕೆ ಕಾರಣವಿದೆ, ಅದು ಇರಲಿ.